ವಕೀಲರ ಕಚೇರಿಯ ಡಿಜಿಟಲ್ ಕಡತ: ಫೋಲ್ಡರ್ ಹೇಗಿರಬೇಕು, ಟ್ಯಾಗ್ ಎಷ್ಟಿರಬೇಕು?

ಸರಸ್ವತಿಪುರಂ ಕಚೇರಿ
ನಾಲ್ವರು ವಕೀಲರು, ಇಬ್ಬರು ಗುಮಾಸ್ತರು ಇರುವ ಕಚೇರಿ. ಸಿವಿಲ್ ಜಾಸ್ತಿ. ಜೊತೆಗೆ ಎಂವಿಸಿ (ವಾಹನ ಅಪಘಾತ ಪರಿಹಾರ), ಚೆಕ್ ಬೌನ್ಸ್, ಸ್ವಲ್ಪ ಕ್ರಿಮಿನಲ್. ಸ್ಕ್ಯಾನ್ ಮಾಡಿದ್ದೆಲ್ಲ ಒಂದೇ ಡ್ರೈವ್‌ನಲ್ಲಿದೆ, ಆದರೆ ಒಬ್ಬರು ಕಕ್ಷಿದಾರರ ಹೆಸರಿನಲ್ಲಿ ಫೋಲ್ಡರ್ ಮಾಡುತ್ತಾರೆ, ಇನ್ನೊಬ್ಬರು ಓಎಸ್ (ಮೂಲ ದಾವೆ) ನಂಬರ್‌ನಲ್ಲಿ, ಮತ್ತೊಬ್ಬರು ಕೋರ್ಟ್ ಹಾಲ್ ಪ್ರಕಾರ. ಪಾಟಿ ಸವಾಲಿನ ಬೆಳಿಗ್ಗೆ ಕ್ರಯಪತ್ರದ ಎರಡನೇ ಪುಟ ಬೇಕೆಂದರೆ ಸಿಗುವುದಿಲ್ಲ. ಫೋಲ್ಡರ್ ಯಾವುದರ ಮೇಲೆ ಮಾಡಬೇಕು? ಟ್ಯಾಗ್‌ಗಳು (ಹುಡುಕಲು ಹಾಕುವ ಗುರುತುಪದಗಳು) ಯಾವುವು? ಕನ್ನಡದಲ್ಲಿ ಹೆಸರಿಟ್ಟರೆ ತೊಂದರೆಯಾ? ಈ ಕೆಲಸ ಗೊತ್ತಿರುವವರು ವಿವರವಾಗಿ ಬರೆಯಿರಿ.

ಮಂಡ್ಯ ಸಿವಿಲ್ ಕಡೆ
ಮೊದಲು ಕೇಸ್ ನಂಬರ್‌ನ ಆಸೆ ಬಿಡಿ. ಒಂದು ಆಸ್ತಿ ವಿಭಾಗ ದಾವೆ ತೆಗೆದುಕೊಳ್ಳಿ. ಓಎಸ್ ಆಗಿ ಶುರುವಾಗುತ್ತದೆ, ಪ್ರಾಥಮಿಕ ಡಿಕ್ರಿ ಆದಮೇಲೆ ಎಫ್‌ಡಿಪಿ (ಅಂತಿಮ ಡಿಕ್ರಿಯ ನಡಾವಳಿ), ಮೇಲ್ಮನವಿಗೆ ಹೋದರೆ ಆರ್‌ಎ, ಹೈಕೋರ್ಟಿಗೆ ಹೋದರೆ ಆರ್‌ಎಸ್‌ಎ, ಕೊನೆಗೆ ಜಾರಿ ಅರ್ಜಿ. ಅದೇ ಜಮೀನು, ಅದೇ ಅಣ್ಣತಮ್ಮಂದಿರು, ನಂಬರ್ ಐದು. ಇ-ಕೋರ್ಟ್‌ನ ಸಿಎನ್‌ಆರ್ (ಪ್ರತಿ ಕೇಸಿಗೆ ಕೊಡುವ ದಾಖಲೆ ಸಂಖ್ಯೆ) 16 ಅಕ್ಷರಗಳದ್ದು, ಹುಡುಕಲು ಬಲು ಅನುಕೂಲ, ಆದರೆ ಮೇಲ್ಮನವಿಗೆ ಅದೂ ಬೇರೆಯೇ. ಕಕ್ಷಿದಾರರ ಹೆಸರೂ ಆಗುವುದಿಲ್ಲ. ಪಹಣಿಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು, ಕ್ರಯಪತ್ರದಲ್ಲಿ 'ಉರುಫ್' ಹಾಕಿ ಮೂರನೆಯದು. ಮಂಡ್ಯ ತಾಲ್ಲೂಕಿನಲ್ಲಿ 'ಲಿಂಗೇಗೌಡ ಬಿನ್ ಚಿಕ್ಕೇಗೌಡ' ಎಷ್ಟು ಜನ ಇರಬಹುದು ಯೋಚಿಸಿ.

ಆದ್ದರಿಂದ ಕಚೇರಿಯದೇ ಒಂದು ಕಡತ ಸಂಖ್ಯೆ ಬೇಕು: ಕಡತ ತೆರೆದ ವರ್ಷ, ಆಮೇಲೆ ನಾಲ್ಕಂಕಿಯ ಕ್ರಮ ಸಂಖ್ಯೆ. 2024-0137 ಅಂದರೆ ಆ ತಕರಾರು ಮುಗಿಯುವವರೆಗೆ, ಯಾವ ಕೋರ್ಟಿಗೆ ಹೋದರೂ 2024-0137. ವಕಾಲತ್ತಿಗೆ ಸಹಿ ಬಿದ್ದ ದಿನವೇ ಸಂಖ್ಯೆ ಕೊಡಿ. ನೋಟಿಸ್ ಹಂತದಲ್ಲೇ ಬಂದವರಿಗೆ ಇನ್ನೂ ಮುಂಚೆ. ಕೋರ್ಟ್ ನಂಬರ್, ಸಿಎನ್‌ಆರ್, ಎರಡೂ ಕಡೆಯವರ ಹೆಸರು ಮತ್ತು ಅದರ ಎಲ್ಲ ಕಾಗುಣಿತ ಇವೆಲ್ಲ ಒಂದು ರಿಜಿಸ್ಟರ್ ಶೀಟ್‌ನಲ್ಲಿ ಆ ಸಂಖ್ಯೆಯ ಎದುರಿಗೆ ಇರಲಿ. ಹೊಸ ನಂಬರ್ ಬಂದಾಗ ಶೀಟ್‌ನಲ್ಲಿ ಒಂದು ಸಾಲು ಸೇರುತ್ತದೆ, ಫೋಲ್ಡರ್ ಮುಟ್ಟುವ ಹಾಗಿಲ್ಲ. ರಟ್ಟಿನ ಕಡತದ ಬೆನ್ನ ಮೇಲೂ ಇದೇ ಸಂಖ್ಯೆ ಬರೆಸಿ, ಬೀರುವಿಗೂ ಕಂಪ್ಯೂಟರಿಗೂ ತಾಳೆ ಇರಬೇಕು.

ಒಳಗಿನ ಫೋಲ್ಡರ್ ಐದು ಸಾಕು: ವಾದಗಳು, ದಾಖಲೆಗಳು, ಕೋರ್ಟಿನವು, ಪತ್ರ ವ್ಯವಹಾರ, ಕರಡು. ವಾದಪತ್ರ, ತಕರಾರು (ಪ್ರತಿವಾದಿಯ ಲಿಖಿತ ಉತ್ತರ), ಐಎ (ಮಧ್ಯಂತರ ಅರ್ಜಿ) ಮತ್ತು ಅದಕ್ಕೆ ಆಕ್ಷೇಪಣೆ ಮೊದಲನೆಯದಕ್ಕೆ. ಆದೇಶ ಹಾಳೆ, ಸಾಕ್ಷಿ ಹೇಳಿಕೆ, ತೀರ್ಪು, ಡಿಕ್ರಿ ಮೂರನೆಯದಕ್ಕೆ. ಆರನೆಯದು ಬೇಕು ಎಂದು ಯಾರಾದರೂ ಕೇಳಿದರೆ ಅದು ಟ್ಯಾಗ್ ಆಗಬೇಕಾದದ್ದು.

ಹಿರಿಯ ಗುಮಾಸ್ತ, ಮೈಸೂರು
ಸರ್ ಹೇಳಿದ ಸಂಖ್ಯೆ ಸರಿಯಾಗಿದೆ. ಆದರೆ ಸ್ಕ್ಯಾನೇ ಕೆಟ್ಟಿದ್ದರೆ ಟ್ಯಾಗ್ ಕಟ್ಟಿಕೊಂಡು ಏನೂ ಪ್ರಯೋಜನ ಇಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹಿಂಬದಿ ಬಿಡಬೇಡಿ. ಹಳೆಯ ನೋಂದಾಯಿತ ಪತ್ರದ ಹಿಂಬದಿಯಲ್ಲಿ ಛಾಪಾ ಮಾರಾಟಗಾರನ ಬರಹ, ಉಪನೋಂದಣಾಧಿಕಾರಿಯ ಷರಾ, ಹೆಬ್ಬೆಟ್ಟು, ಗುರುತಿಸಿದವರ ಸಹಿ ಇರುತ್ತವೆ. ಸಹಿಯೇ ನನ್ನದಲ್ಲ ಎನ್ನುವ ತಕರಾರು ಬಂದಾಗ ಬೇಕಾಗುವುದು ಆ ಪುಟ. ಸ್ಕ್ಯಾನರ್‌ನಲ್ಲಿ ಖಾಲಿ ಪುಟ ತಾನಾಗಿ ತೆಗೆಯುವ ಆಯ್ಕೆ ಇರುತ್ತದೆ. ಅದನ್ನು ಬಂದ್ ಮಾಡಿ. ಮಾಸಿದ ನೀಲಿ ಸೀಲು ಮಾತ್ರ ಇರುವ ಪುಟವನ್ನು ಯಂತ್ರ ಖಾಲಿ ಎಂದೇ ಎಣಿಸಿ ಬಿಸಾಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ದೃಢೀಕೃತ ನಕಲಿನ ಸೀಲು ಇರುವ ಪುಟ ಇನ್ನೂ ಮುಖ್ಯ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಅಲ್ಲಿರುತ್ತದೆ. ಕಾಲಮಿತಿ ಕಾಯ್ದೆ 1963ರ 12ನೇ ಕಲಂ ಪ್ರಕಾರ ನಕಲು ಪಡೆಯಲು ಬೇಕಾದ ಸಮಯ ಕಳೆಯಬೇಕಲ್ಲ, ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ ಎಣಿಸುವಾಗ ಆಧಾರ ಅದೇ ಸೀಲು. ಈ ಮೂರು ದಿನಾಂಕವನ್ನು ಸ್ಕ್ಯಾನ್ ಮಾಡಿದವರೇ ಕೂಡಲೇ ರಿಜಿಸ್ಟರಿಗೆ ಏರಿಸಬೇಕು.

ಟೈಪಾದ ಕಾಗದ 300 ಡಿಪಿಐ, ಕಪ್ಪುಬಿಳುಪು. ಒಂದು ಪುಟ ಸುಮಾರು 50 ಕೆಬಿ ಆಸುಪಾಸು ನಿಲ್ಲುತ್ತದೆ, 200 ಪುಟದ ಕಡತವೂ 10 ಎಂಬಿ ಹತ್ತಿರ. ಛಾಪಾ ಕಾಗದ, ಹೆಬ್ಬೆಟ್ಟು, ಸರ್ವೆ ನಕ್ಷೆ, ಬಣ್ಣದ ಸೀಲು ಇದ್ದರೆ ಬಣ್ಣದಲ್ಲೇ ಮಾಡಿ. ಕಪ್ಪುಬಿಳುಪಿನಲ್ಲಿ ಛಾಪಾ ಕಾಗದದ ಚಿತ್ತಾರವೆಲ್ಲ ಕಪ್ಪಾಗಿ ಅಕ್ಷರ ನುಂಗುತ್ತದೆ. ಮಡಿಕೆಯಲ್ಲಿ ಹರಿದ ಹಳೆ ಪತ್ರವನ್ನು ಮೇಲಿನ ಟ್ರೇಗೆ ಯಾವತ್ತೂ ಹಾಕಬೇಡಿ, ಗಾಜಿನ ಮೇಲಿಟ್ಟು ಒಂದೊಂದೇ ಮಾಡಿ. ಪಿನ್ನು, ಟ್ಯಾಗ್ ದಾರ ಬಿಚ್ಚುವ ಮುಂಚೆ ಪೆನ್ಸಿಲ್‌ನಲ್ಲಿ ಪುಟಸಂಖ್ಯೆ ಹಾಕಿ. ಎಂವಿಸಿಯ ಎಕ್ಸ್‌ರೇ ಫಿಲ್ಮ್ ಸ್ಕ್ಯಾನರ್‌ನಲ್ಲಿ ಬರುವುದಿಲ್ಲ, ಬೆಳಕಿನ ಪೆಟ್ಟಿಗೆ ಮೇಲಿಟ್ಟು ಫೋಟೋ ತೆಗೆಯಬೇಕು.

ಕಕ್ಷಿದಾರರು ವಾಟ್ಸಾಪ್‌ನಲ್ಲಿ ಕಳಿಸುವ ಫೋಟೋ ಕುಗ್ಗಿ ಬರುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ ಎಂದು ಹೇಳಿ, ಅದನ್ನೂ ತಾತ್ಕಾಲಿಕ ಎಂದೇ ಗುರುತು ಮಾಡಿ.

ಸಿಸ್ಟಮ್ ನೋಡಿಕೊಳ್ಳುವವ
ಹೆಸರಿನ ಬಗ್ಗೆ. ಕಡತ ಸಂಖ್ಯೆ, ದಾಖಲೆಯ ಬಗೆ, ದಾಖಲೆಯ ದಿನಾಂಕ, ಗುರುತು (ಜಮೀನಾದರೆ 'ಸನಂ', ಅಂದರೆ ಸರ್ವೆ ನಂಬರ್). ಹೀಗೆ:

2024-0137_ಕ್ರಯಪತ್ರ_1987-06-12_ಸನಂ45-2

ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲೇ ಇರಬೇಕು, ಆಗ ಒಂದೇ ಬಗೆಯ ಪತ್ರಗಳು ಕಾಲಾನುಕ್ರಮದಲ್ಲಿ ತಾವಾಗಿ ನಿಲ್ಲುತ್ತವೆ. ಇದು ಪತ್ರದ ದಿನಾಂಕ, ಸ್ಕ್ಯಾನ್ ದಿನಾಂಕವಲ್ಲ. ದಿನಾಂಕ ಓದಲಾಗದಿದ್ದರೆ 0000-00-00 ಹಾಕಿ, ಊಹೆ ಬೇಡ.

ಕನ್ನಡದಲ್ಲಿ ಹೆಸರಿಡಬಹುದು, ಎರಡು ಮಿತಿ ತಿಳಿದಿರಬೇಕು. ವಿಂಡೋಸ್‌ನಲ್ಲಿ ಫೋಲ್ಡರ್ ಹಾದಿಯೂ ಸೇರಿ ಸಾಮಾನ್ಯವಾಗಿ 260 ಅಕ್ಷರ. ಕಚೇರಿಯ ಎನ್‌ಎಎಸ್ ಪೆಟ್ಟಿಗೆ (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಡಿಸ್ಕ್) ಲಿನಕ್ಸ್ ಮೇಲೆ ಓಡುತ್ತದೆ, ಅಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್. ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ತಿನ್ನುತ್ತದೆ, ಒತ್ತು ಮತ್ತು ಸ್ವರಚಿಹ್ನೆ ಬೇರೆ ಬೇರೆ ಲೆಕ್ಕ. 'ಕ್ರಯಪತ್ರ' ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ ಎಂಟು ಸಂಕೇತ, 24 ಬೈಟ್. ಅಂದರೆ ಪೂರ್ತಿ ಕನ್ನಡದ ಹೆಸರು 85 ಸಂಕೇತಕ್ಕೆ ನಿಲ್ಲುತ್ತದೆ. ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್ ಇರುವ ಕೆಲವು ಎನ್‌ಎಎಸ್‌ಗಳಲ್ಲಿ ಮಿತಿ 143 ಬೈಟ್, ಆಗ 47. ಉದ್ದ ಹೆಸರಿನ ಫೈಲ್ ಅಲ್ಲಿಗೆ ನಕಲಾಗದೆ ಉಳಿದುಬಿಡುತ್ತದೆ, ಬ್ಯಾಕಪ್ ಮಾಡಿದೆವು ಅಂದುಕೊಂಡಿರುತ್ತೀರಿ.

ಟ್ಯಾಗ್ ಎಲ್ಲಿ ಕೂರುತ್ತದೆ ಎನ್ನುವುದು ಇನ್ನೊಂದು. ವಿಂಡೋಸ್ ತಾನಾಗಿ ಪಿಡಿಎಫ್‌ಗೆ ಟ್ಯಾಗ್ ಹಾಕಲು ಬಿಡುವುದಿಲ್ಲ. ವರ್ಡ್ ಮತ್ತು ಫೋಟೋಗೆ ಬಿಡುತ್ತದೆ. ಮ್ಯಾಕ್‌ನ ಬಣ್ಣದ ಟ್ಯಾಗ್ ಪೆನ್‌ಡ್ರೈವ್‌ನಲ್ಲಿ ಬೇರೆ ಕಂಪ್ಯೂಟರಿಗೆ ಹೋದರೆ ಕಳಚಿಕೊಳ್ಳುತ್ತದೆ. ಆದ್ದರಿಂದ ಅತಿ ಮುಖ್ಯವಾದದ್ದು ಫೈಲ್ ಹೆಸರಿನಲ್ಲಿ, ಉಳಿದದ್ದು ರಿಜಿಸ್ಟರ್ ಶೀಟ್‌ನಲ್ಲಿ ಅಥವಾ ದಾಖಲೆ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ. ಹಣ ಕೊಡದೆ ಸಿಗುವುದು ಬೇಕೆಂದರೆ ಪೇಪರ್‌ಲೆಸ್-ಎನ್‌ಜಿಎಕ್ಸ್ ಇದೆ. ಕಚೇರಿಯ ಯಂತ್ರದಲ್ಲೇ ಓಡುತ್ತದೆ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಓಸಿಆರ್ (ಚಿತ್ರದಿಂದ ಅಕ್ಷರ ಓದುವುದು) ಭಾಷೆಯಾಗಿ ಕೊಡಬಹುದು, ಮೂಲ ಫೈಲನ್ನು ಹಾಗೇ ಇಟ್ಟುಕೊಂಡು ಹುಡುಕಬಹುದಾದ ಪ್ರತಿಯನ್ನು ಬೇರೆ ಮಾಡುತ್ತದೆ.

ಮಂಡ್ಯ ಸಿವಿಲ್ ಕಡೆ
ಸಾಫ್ಟ್‌ವೇರ್ ವಿಚಾರದಲ್ಲಿ ಪೂರ್ತಿ ಒಪ್ಪುವುದಿಲ್ಲ. ನೋಡಿಕೊಳ್ಳುವ ಹುಡುಗ ಕೆಲಸ ಬಿಟ್ಟ ದಿನ ಕಚೇರಿ ನಿಲ್ಲಬಾರದು. ಹೆಸರು, ಫೋಲ್ಡರ್, ಶೀಟ್ ಇಷ್ಟರಲ್ಲೇ ಎಲ್ಲವೂ ಸಿಗುವ ಹಾಗಿದ್ದು, ಅದರ ಮೇಲೆ ಸಾಫ್ಟ್‌ವೇರ್ ಇದ್ದರೆ ಸಂತೋಷ. ಮೊದಲ ಆರು ತಿಂಗಳು ಬರೀ ಶೀಟ್‌ನಲ್ಲಿ ನಡೆಸಿ, ಶಿಸ್ತು ಬಂದಮೇಲೆ ನೋಡಿ.

ಸಿಸ್ಟಮ್ ನೋಡಿಕೊಳ್ಳುವವ
ಅದು ನ್ಯಾಯವಾದ ಮಾತು ಸರ್. ಸಾಫ್ಟ್‌ವೇರ್ ಹಾಕಿದರೂ ಡಿಸ್ಕ್ ಮೇಲೆ ಫೈಲುಗಳು ಕಡತ ಸಂಖ್ಯೆಯ ಹೆಸರಿನಲ್ಲೇ ಉಳಿಯುವಂತೆ ಹೆಸರಿನ ಮಾದರಿ ಕೊಟ್ಟಿಡಬೇಕು. ಹಾಗೆ ಕೊಡದಿದ್ದರೆ ಬರೀ ಸಂಖ್ಯೆಯ ಹೆಸರಿನಲ್ಲಿ ರಾಶಿ ಬೀಳುತ್ತದೆ, ಸಾಫ್ಟ್‌ವೇರ್ ಇಲ್ಲದೆ ಯಾವುದು ಯಾವುದೆಂದು ತಿಳಿಯದು.

ಟ್ಯಾಗನ್ನು ಕೈಯಲ್ಲಿ ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವ ಹಾಗೆ ಮಾಡಿ. 'ಓಎಸ್' ಎಂದು ಇಬ್ಬರು ಟೈಪ್ ಮಾಡಿದಾಗ ಒಬ್ಬರ ಕೀಲಿಮಣೆ ಕೊನೆಯಲ್ಲಿ ಕಾಣದ ಒಂದು ಜೋಡಣೆ-ತಡೆ ಸಂಕೇತ ಸೇರಿಸಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಟ್ಯಾಗ್. ಹುಡುಕಿದರೆ ಅರ್ಧ ದಾಖಲೆ ಮಾತ್ರ ಬರುತ್ತವೆ, ಉಳಿದರ್ಧ ಇಲ್ಲವೇ ಇಲ್ಲ ಎಂದು ನಂಬುತ್ತೀರಿ.

ಭೂದಾಖಲೆ ಕೆಲಸ
ಟ್ಯಾಗ್ ಯಾವುವು ಎನ್ನುವುದಕ್ಕೆ ಯಾರೂ ಇನ್ನೂ ಸರಿಯಾಗಿ ಉತ್ತರಿಸಿಲ್ಲ. ಎಲ್ಲ ದಾಖಲೆಗೂ ಕಡ್ಡಾಯವಾಗಿ ನಾಲ್ಕು: ಬಗೆ, ದಿನಾಂಕ, ಪ್ರತಿಯ ಸ್ವರೂಪ, ನಿಶಾನೆ (ಸಾಕ್ಷ್ಯವಾದ ದಾಖಲೆಗೆ ಕೋರ್ಟ್ ಕೊಡುವ ಗುರುತು ಸಂಖ್ಯೆ). ಬಗೆಯ ಪಟ್ಟಿ ಮೂವತ್ತು ದಾಟದಿರಲಿ. ಪ್ರತಿಯ ಸ್ವರೂಪ ಎಂದರೆ ಮೂಲ, ದೃಢೀಕೃತ ನಕಲು, ಜೆರಾಕ್ಸ್, ಡಿಜಿಟಲ್ ಸಹಿ ಇರುವ ಪಿಡಿಎಫ್, ಮೊಬೈಲ್ ಫೋಟೋ. ಮೂಲ ಎಲ್ಲಿದೆ ಎನ್ನುವುದನ್ನೂ ಇದರ ಪಕ್ಕದಲ್ಲೇ ಬರೆಯಿರಿ: ನಮ್ಮ ಬೀರುವಿನಲ್ಲಾ, ಕಕ್ಷಿದಾರರ ಬಳಿಯಾ, ಬ್ಯಾಂಕಿನಲ್ಲಾ, ಕೋರ್ಟಿನಲ್ಲಾ. ನಿಶಾನೆ ಮೊದಲು ಖಾಲಿ ಇರುತ್ತದೆ, ಗುರುತಿಸಿದ ದಿನ ಸಂಜೆ ನಿಪಿ-1 (ವಾದಿಯದು), ನಿಡಿ-4 (ಪ್ರತಿವಾದಿಯದು) ಎಂದು ತುಂಬಬೇಕು. ವಾದ ಮಂಡನೆಯ ಹೊತ್ತಿಗೆ ಎಲ್ಲರೂ ಮಾತಾಡುವುದು ನಿಶಾನೆ ಸಂಖ್ಯೆಯಲ್ಲೇ, ಆದ್ದರಿಂದ ಈ ಒಂದು ಕಾಲಂ ಸೋಮಾರಿತನದಿಂದ ಖಾಲಿ ಬಿಟ್ಟರೆ ಉಳಿದ ಶ್ರಮ ಅರ್ಧ ವ್ಯರ್ಥ.

ಜಮೀನಿನ ದಾಖಲೆಗೆ ಹೆಚ್ಚುವರಿ: ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಗ್ರಾಮ ಒಂದೇ ಸಾಲದು, ಹೊಸಹಳ್ಳಿ ಎಂಬ ಹೆಸರು ಎಷ್ಟು ತಾಲ್ಲೂಕಿನಲ್ಲಿಲ್ಲ! ನೋಂದಾಯಿತ ಪತ್ರಕ್ಕೆ ದಸ್ತಾವೇಜು ಸಂಖ್ಯೆ, ವರ್ಷ, ನೋಂದಣಿ ಕಚೇರಿ ಮೂರೂ ಬೇಕು. ಸಂಖ್ಯೆ ಪ್ರತಿ ಕಚೇರಿಯಲ್ಲಿ ಪ್ರತಿ ವರ್ಷ ಹೊಸದಾಗಿ ಶುರುವಾಗುತ್ತದೆ, ಮೈಸೂರು ಉತ್ತರದ 1200ಕ್ಕೂ ದಕ್ಷಿಣದ 1200ಕ್ಕೂ ಸಂಬಂಧ ಇಲ್ಲ. ಪುಸ್ತಕವೂ ಇರಲಿ: ಕ್ರಯ, ವಿಭಾಗ, ದಾನ 1ನೇ ಪುಸ್ತಕ, ಉಯಿಲು 3ನೇ ಪುಸ್ತಕ.

ಈಗ ಸರ್ವೆ ನಂಬರ್‌ನ ಅಪಾಯ. 45/2ರ ಓರೆಗೆರೆಯನ್ನು ಫೈಲ್ ಹೆಸರಿನಲ್ಲಿ ವಿಂಡೋಸ್ ಒಪ್ಪುವುದಿಲ್ಲ, ಆದ್ದರಿಂದ 45-2. ಆದರೆ ವಿಸ್ತೀರ್ಣವನ್ನೂ ನಾವು 1-20 ಎಂದೇ ಬರೆಯುತ್ತೇವೆ, ಒಂದು ಎಕರೆ ಇಪ್ಪತ್ತು ಗುಂಟೆ. ಗೊಂದಲ ಬೇಡವೆಂದರೆ ಸರ್ವೆಗೆ ಮುಂದೆ 'ಸನಂ' ಕಡ್ಡಾಯ, ವಿಸ್ತೀರ್ಣ ಫೈಲ್ ಹೆಸರಿಗೆ ಬರಲೇಬಾರದು. ಎಕ್ಸೆಲ್‌ನಲ್ಲಿ ಇನ್ನೂ ಕೆಟ್ಟದ್ದು: ಸರ್ವೆ ನಂಬರ್ 4/2 ಎಂದು ಹಾಕಿ ಎಂಟರ್ ಒತ್ತಿದರೆ ಅದು ಫೆಬ್ರವರಿಯೋ ಏಪ್ರಿಲೋ ಒಂದು ದಿನಾಂಕವಾಗಿಬಿಡುತ್ತದೆ. 1.20 ಎಂದು ವಿಸ್ತೀರ್ಣ ಹಾಕಿದರೆ ಕೊನೆಯ ಸೊನ್ನೆ ಹಾರಿ 1.2 ಆಗುತ್ತದೆ, ಓದಿದವರು ಎರಡು ಗುಂಟೆ ಅಂದುಕೊಳ್ಳುತ್ತಾರೆ. ಹದಿನೆಂಟು ಗುಂಟೆ ಹೋಯಿತು. ಅಂಕಿ ಹಾಕುವ ಮೊದಲೇ ಆ ಕಾಲಂಗಳನ್ನು 'ಟೆಕ್ಸ್ಟ್' ಮಾಡಿ, ಹಾಕಿದ ಮೇಲೆ ಮಾಡಿದರೆ ಹೋದದ್ದು ಬರುವುದಿಲ್ಲ. ಎಕರೆಗೊಂದು, ಗುಂಟೆಗೊಂದು ಬೇರೆ ಕಾಲಂ ಇಟ್ಟರೆ ಇನ್ನೂ ಒಳ್ಳೆಯದು.

ಪೋಡಿಯಾಗಿ (ಅಳತೆಯಾಗಿ ಹಿಸ್ಸೆ ಬೇರೆಯಾಗಿ) ನಂಬರ್ ಬದಲಾದಾಗ ಹಳೆ ಟ್ಯಾಗ್ ಅಳಿಸಬೇಡಿ. ಹೊಸದನ್ನು ಸೇರಿಸಿ. ಹಳೆಯ ಕ್ರಯಪತ್ರ ಹಳೆ ನಂಬರಿನಲ್ಲೇ ಮಾತಾಡುತ್ತದೆ.

ಸರ್ಕಾರದ ಭೂಮಿ, ಕಾವೇರಿ ತಾಣಗಳಿಂದ ಇಳಿಸಿದ ಪಹಣಿ, ಇಸಿ (ಋಣಭಾರ ಪತ್ರ)ಗಳಲ್ಲಿ ಡಿಜಿಟಲ್ ಸಹಿ ಇರುತ್ತದೆ. ಅವನ್ನು ಬೇರೆ ಪಿಡಿಎಫ್ ಜೊತೆ ಜೋಡಿಸಿದರೆ, ಕುಗ್ಗಿಸಿದರೆ, ಮತ್ತೆ ಸೇವ್ ಮಾಡಿದರೆ ಸಹಿ ಮುರಿಯುತ್ತದೆ. ಇಳಿಸಿದ ಫೈಲ್ ಹಾಗೇ ಇರಲಿ, ಕೆಲಸಕ್ಕೆ ನಕಲು ಬಳಸಿ.

ಸರಸ್ವತಿಪುರಂ ಕಚೇರಿ
ತುಂಬ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಒಂದು ತೊಡಕು: ಹಳೆಯ ವಾದಪತ್ರ, ಅಫಿಡವಿಟ್ಟುಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪಾಗಿವೆ. ಪಿಡಿಎಫ್ ತೆರೆದರೆ ಕನ್ನಡ ಚೆನ್ನಾಗಿ ಕಾಣುತ್ತದೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಓಸಿಆರ್ ಓಡಿಸಿದರೂ ಅದೇ ಕಥೆ.

ಸಿಸ್ಟಮ್ ನೋಡಿಕೊಳ್ಳುವವ
ಕಾರಣ ಇದು ಮೇಡಂ. ಹಳೆ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಪಿಡಿಎಫ್ ಒಳಗೆ ಇರುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರ. ಓಸಿಆರ್ ತಂತ್ರಾಂಶ ಪುಟ ನೋಡಿ, 'ಇಲ್ಲಿ ಆಗಲೇ ಪಠ್ಯ ಇದೆ' ಎಂದುಕೊಂಡು ಮುಂದಕ್ಕೆ ಹೋಗುತ್ತದೆ. ಅದಕ್ಕೆ 'ಇರುವ ಪಠ್ಯ ಬಿಟ್ಟು ಬಲವಂತವಾಗಿ ಓದು' ಎನ್ನುವ ಆಯ್ಕೆ ಕೊಡಬೇಕು. ಪುಟವನ್ನು ಚಿತ್ರವಾಗಿ ಮಾಡಿ ಮತ್ತೆ ಓದುತ್ತದೆ. ಮುದ್ರಿತ ಕನ್ನಡವನ್ನು ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಹುಡುಕಲು ಸಾಕಾಗುವಷ್ಟು ಓದುತ್ತದೆ. ಟೈಪ್‌ರೈಟರ್ ಪ್ರತಿ ಅರ್ಧಂಬರ್ಧ. ಕೈಬರಹದ ಹಳೆ ಕ್ರಯಪತ್ರ, ಟಿಪ್ಪಣಿ ಓದುವುದಿಲ್ಲ, ಅಲ್ಲಿ ಕೈಯಿಂದ ಹಾಕಿದ ಟ್ಯಾಗೇ ದಿಕ್ಕು. ಡಿಜಿಟಲ್ ಸಹಿ ಇರುವ ಪಿಡಿಎಫ್ ಮೇಲೆ ಬಲವಂತದ ಓಸಿಆರ್ ಓಡಿಸಬೇಡಿ.

ವರ್ಡ್ ಪ್ರತಿ ಇದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಆದರೆ ಅರ್ಕಾವೊತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ಇಂಗ್ಲಿಷ್ ಪದಗಳು ನಡುವೆ ಇದ್ದರೆ ಅವೂ ಕನ್ನಡದ ಕಲಸುಮೇಲೋಗರ ಆಗುತ್ತವೆ. ಸಲ್ಲಿಸಿದ ಹಳೆ ಪ್ರತಿ ಮುಟ್ಟಬೇಡಿ. ರಿಜಿಸ್ಟರನ್ನು ಸಿಎಸ್‌ವಿ ಮಾಡುವಾಗ ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗುತ್ತದೆ.

ಕ್ರಿಮಿನಲ್ ಕಡೆಯವರು
ಕ್ರಿಮಿನಲ್ ಕಡತಕ್ಕೆ ಠಾಣೆ, ಅಪರಾಧ ಸಂಖ್ಯೆ, ವರ್ಷ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಸಿಸಿ (ಮ್ಯಾಜಿಸ್ಟ್ರೇಟ್ ಕೋರ್ಟಿನದು), ಎಸ್‌ಸಿ (ಸೆಷನ್ಸ್ ಕೋರ್ಟಿನದು) ನಂಬರ್ ಆಮೇಲೆ ಬರುತ್ತವೆ. ಕಲಂ ಟ್ಯಾಗ್ ಬರೀ ಅಂಕಿಯಲ್ಲಿ ಬೇಡ. 2024ರ ಜುಲೈ 1ರ ಹಿಂದಿನ ಕೃತ್ಯಕ್ಕೆ ಐಪಿಸಿ (ಹಳೆ ದಂಡಸಂಹಿತೆ) 420, ಅಂದಿನಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318(4). ಎರಡೂ ಕಡತ ಒಟ್ಟಿಗೆ ಬೇಕಾದಾಗ ಸಿಗಲಿ ಎಂದು 'ವಂಚನೆ' ಎಂಬ ವಿಷಯದ ಟ್ಯಾಗ್ ಒಂದಿರಲಿ.

ಎಲೆಕ್ಟ್ರಾನಿಕ್ ಸಾಕ್ಷ್ಯದ ಫೈಲನ್ನು ಉಳಿದವುಗಳ ಜೊತೆ ಬೆರೆಸಬೇಡಿ. ಸಿಸಿಟಿವಿ ತುಣುಕು, ಕರೆ ಧ್ವನಿಮುದ್ರಣ, ಚಾಟ್ ರಫ್ತು ಬಂದ ಕೂಡಲೇ ಹ್ಯಾಷ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಕೇತ) ತೆಗೆಯಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಮಾಣಪತ್ರಕ್ಕೆ ಅನುಸೂಚಿಯಲ್ಲಿ ನಮೂನೆ ಇದೆ: ಎ ಭಾಗ ಪಕ್ಷಕಾರರದು, ಬಿ ಭಾಗ ತಜ್ಞರದು, ಎರಡರಲ್ಲೂ ಹ್ಯಾಷ್ ಮೌಲ್ಯ ಮತ್ತು ಯಾವ ವಿಧಾನ ಎನ್ನುವುದು. ಎಸ್‌ಎಚ್‌ಎ-256 ಬಳಸಿ, ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್ ಸಾಕು. ಫೈಲಿನ ಹೆಸರು ಬದಲಿಸಿದರೆ ಹ್ಯಾಷ್ ಬದಲಾಗುವುದಿಲ್ಲ. ಆದರೆ ಫೈಲಿನೊಳಗೆ ಟ್ಯಾಗ್ ಬರೆದರೆ, ಫೋಟೋ ತಿರುಗಿಸಿ ಸೇವ್ ಮಾಡಿದರೆ ಬದಲಾಗುತ್ತದೆ. ಸಾಕ್ಷ್ಯದ ಫೈಲಿಗೆ ಟ್ಯಾಗ್ ಯಾವಾಗಲೂ ಹೊರಗೆ, ಶೀಟ್‌ನಲ್ಲಿ. ಹ್ಯಾಷ್, ತಂದುಕೊಟ್ಟವರು, ಯಾವ ಸಾಧನದಿಂದ, ಯಾವ ದಿನ ಎಂದು ನಾಲ್ಕು ಕಾಲಂ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪೋಕ್ಸೊ ಮತ್ತು ಲೈಂಗಿಕ ಅಪರಾಧದ ಕಡತಗಳಲ್ಲಿ ನೊಂದವರ ಹೆಸರು ಫೋಲ್ಡರ್‌ನಲ್ಲೂ ಬೇಡ, ಫೈಲ್ ಹೆಸರಿನಲ್ಲೂ ಬೇಡ, ಟ್ಯಾಗ್‌ನಲ್ಲೂ ಬೇಡ. ಹಂಚಿಕೆಯ ಡ್ರೈವ್ ತೆರೆದ ಜೂನಿಯರ್, ಪ್ರಿಂಟ್ ತೆಗೆಯುವ ಹುಡುಗ ಎಲ್ಲರಿಗೂ ಕಾಣುತ್ತದೆ. ಕಡತ ಸಂಖ್ಯೆ ಮಾತ್ರ, ಆ ಫೋಲ್ಡರಿಗೆ ಪ್ರವೇಶ ಕೆಲಸ ಮಾಡುವ ಇಬ್ಬರಿಗೆ.

ಚೆಕ್ ಬೌನ್ಸ್‌ಗೆ ದಿನಾಂಕವೇ ಜೀವ. ಬ್ಯಾಂಕ್ ಮೆಮೊ ಕೈಗೆ ಬಂದ ದಿನ, 30 ದಿನದೊಳಗೆ ನೋಟಿಸ್, ಅದು ತಲುಪಿದ ದಿನ, 15 ದಿನದ ಗಡುವು, ಆಮೇಲೆ ಒಂದು ತಿಂಗಳೊಳಗೆ ದೂರು. ಅಂಚೆ ರಸೀದಿ, ಸ್ವೀಕೃತಿ ಅಥವಾ ವಾಪಸಾದ ಲಕೋಟೆಯ ಎರಡೂ ಬದಿ ಬೇರೆ ಬೇರೆ ಫೈಲ್ ಆಗಿರಲಿ, ನೋಟಿಸ್ ಜೊತೆ ಒಂದೇ ಪಿಡಿಎಫ್‌ನಲ್ಲಿ ಹೂತುಹಾಕಬೇಡಿ.

ಸರಸ್ವತಿಪುರಂ ಕಚೇರಿ
ಬೀರುಗಟ್ಟಲೆ ಹಳೆ ಕಡತಗಳಿವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಬೇಕೆ? ಕರಡುಗಳ ಗತಿ ಏನು?

ಹಿರಿಯ ಗುಮಾಸ್ತ, ಮೈಸೂರು
ಎಲ್ಲವನ್ನೂ ಹಿಡಿದರೆ ಯಾವುದೂ ಮುಗಿಯುವುದಿಲ್ಲ ಮೇಡಂ. ವಾಯಿದೆ ಡೈರಿ ಇಟ್ಟುಕೊಂಡು ಹೋಗಿ. ಮುಂದಿನ ವಾರದ ವಾಯಿದೆಗೆ ಬರುವ ಕಡತ ಈ ವಾರ ಸ್ಕ್ಯಾನ್ ಆಗಲಿ. ಹೇಗೂ ಆ ಕಡತ ಬೀರುವಿನಿಂದ ಕೆಳಗೆ ಇಳಿಯುತ್ತದಲ್ಲ. ಒಂದು ಸುತ್ತು ಎಲ್ಲ ಕೇಸುಗಳ ವಾಯಿದೆ ಬರುವಷ್ಟರಲ್ಲಿ ನಡೆಯುತ್ತಿರುವ ಕಡತವೆಲ್ಲ ಒಳಗೆ ಬಂದಿರುತ್ತದೆ. ಮುಗಿದ ಕಡತಕ್ಕೆ ಸ್ಕ್ಯಾನ್ ಬೇಡ, ಶೀಟ್‌ನಲ್ಲಿ ಒಂದು ಸಾಲು, ಯಾವ ಬೀರು, ಯಾವ ಕಟ್ಟು ಅಷ್ಟೇ. ತೀರ್ಪು, ಡಿಕ್ರಿ ಮಾತ್ರ ಮಾಡಿಡಿ, ಜಾರಿಗೋ ಮೇಲ್ಮನವಿಗೋ ಕೇಳಿಕೊಂಡು ಬರುತ್ತಾರೆ.

ಸ್ಕ್ಯಾನ್ ಮಾಡುವವರು ಒಬ್ಬರು, ಪುಟ ಎಣಿಸಿ ತಾಳೆ ನೋಡುವವರು ಇನ್ನೊಬ್ಬರು. ಬಗೆ ತಿಳಿಯದ ಕಾಗದಕ್ಕೆ 'ಇತರೆ' ಎಂದು ಹಾಕಬೇಡಿ, ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ. 'ಕೇಳಬೇಕು' ಎಂದು ಹಾಕಿ, ಶನಿವಾರ ವಕೀಲರ ಮುಂದೆ ಕೂತು ಖಾಲಿ ಮಾಡಿ.

ಕರಡಿಗೆ ವಿ01, ವಿ02 ಎಂದು ಎರಡಂಕಿ. 'ಫೈನಲ್' ಎನ್ನುವ ಪದ ಫೈಲ್ ಹೆಸರಿನಲ್ಲಿ ನಿಷೇಧ. ಕೋರ್ಟಿಗೆ ಹೋದದ್ದು ಸಹಿ, ಸೀಲು ಸಮೇತ ಸ್ಕ್ಯಾನ್ ಆಗಿ 'ಸಲ್ಲಿಸಿದ್ದು' ಎಂಬ ಗುರುತಿನೊಂದಿಗೆ ವಾದಗಳ ಫೋಲ್ಡರಿಗೆ ಹೋಗುತ್ತದೆ. ಕೊನೆಯ ಗಳಿಗೆಯಲ್ಲಿ ಪೆನ್ನಿನಲ್ಲಿ ತಿದ್ದಿದ್ದು ವರ್ಡ್‌ನಲ್ಲಿ ಇರುವುದಿಲ್ಲ, ಸೀಲಾದ ಪ್ರತಿಯಲ್ಲೇ ಇರುವುದು.

ಸಿಸ್ಟಮ್ ನೋಡಿಕೊಳ್ಳುವವ
ಬ್ಯಾಕಪ್ ಬಗ್ಗೆ ಚಿಕ್ಕದಾಗಿ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಕಚೇರಿಯ ಹೊರಗೆ. ಕ್ಲೌಡ್ ಜೊತೆ ಸಿಂಕ್ ಆಗುವುದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ವೈರಸ್ ಬೀಗ ಹಾಕಿದರೆ ಬೀಗ ಬಿದ್ದ ಫೈಲೇ ಅಲ್ಲಿಗೂ ಹೋಗುತ್ತದೆ. ಹೊರಗಿನ ಹಾರ್ಡ್ ಡಿಸ್ಕನ್ನು ನಕಲಾದ ಮೇಲೆ ಕಳಚಿಡಿ, ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿ, ಅದರ ಚೇತರಿಕೆ ಕೀಲಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ತಿಂಗಳಿಗೊಮ್ಮೆ ಒಂದು ಕಡತವನ್ನು ಬ್ಯಾಕಪ್‌ನಿಂದ ನಿಜವಾಗಿ ಹೊರತೆಗೆದು ತೆರೆದು ನೋಡಿ.

ಭೂದಾಖಲೆ ಕೆಲಸ
ಮುಗಿದ ಕಡತದ ಬಗ್ಗೆ ಗುಮಾಸ್ತರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಡತ ಮುಚ್ಚುವ ಮುಂಚೆ 'ಮೂಲ ಕೋರ್ಟಿನಲ್ಲಿದೆ' ಎಂಬ ಟ್ಯಾಗ್ ಹಾಕಿ ಶೋಧಿಸಿ. ನಿಶಾನೆಯಾದ ಮೂಲ ಕ್ರಯಪತ್ರಗಳು ಅಲ್ಲೇ ಉಳಿದಿರುತ್ತವೆ. ಮೇಲ್ಮನವಿಯ ಅವಧಿ ಮುಗಿದಮೇಲೆ, ಮೇಲ್ಮನವಿ ಇದ್ದರೆ ಅದು ಇತ್ಯರ್ಥವಾದ ಮೇಲೆ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 13ನೇ ಆದೇಶದ 9ನೇ ನಿಯಮದಡಿ ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಅವಧಿ ಮುಗಿಯುವ ದಿನಾಂಕವನ್ನು ಶೀಟ್‌ನಲ್ಲಿ ಆ ಸಾಲಿನ ಎದುರೇ ಬರೆದು, ವಾಯಿದೆ ಡೈರಿಗೂ ಏರಿಸಿ. ಕಕ್ಷಿದಾರರಿಗೆ ಮೂಲ ಕೊಟ್ಟ ದಿನ ಸಹಿ ಹಾಕಿಸಿಕೊಂಡ ರಸೀದಿ ಸ್ಕ್ಯಾನ್ ಆಗಿ ಪತ್ರ ವ್ಯವಹಾರದ ಫೋಲ್ಡರಿಗೆ ಹೋಗಬೇಕು, ಕಡತದ ಸ್ಥಿತಿ 'ಮುಗಿದದ್ದು' ಎಂದು ಬದಲಾಗುವುದು ಅದಾದ ಮೇಲೆಯೇ.